ಕರು ನೆಕ್ಕಿದ ಗೋಡೆ

ಮೊನ್ನೆ ನನ್ನ ಮಗನ ಮನೆಯಲ್ಲಿ, ಮಲಗುವ ಕೋಣೆಯ ಗೋಡೆ ಒದ್ದೆಯಾಗಿತ್ತು. ಹಾಸನದಲ್ಲಿ ಅವನೇ ಮುಂದೆ ನಿಂತು ಕಟ್ಟಿಸಿದ ಮನೆ. ಸಿಮೆಂಟು, ಕಬ್ಬಿಣ ಯಾವುದಕ್ಕೂ ಕೈ ಬಿಗಿ ಹಿಡಿದವನಲ್ಲ. ಆದರೂ ಬೀರುವಿನ ಪಕ್ಕ ಊಟದ ತಟ್ಟೆಯಷ್ಟಗಲ ಬಣ್ಣ ಉಬ್ಬಿಕೊಂಡು, ಬಾಗಿಲು ತೆಗೆದರೆ ಸಾಕು, ಹಸಿ ಗೋಡೆಯ ವಾಸನೆ. ತಾರಸಿಯ ಮೇಲಿನ ಟ್ಯಾಂಕೋ, ಬಚ್ಚಲಿನ ಪೈಪೋ ಎಂದು ಮಗ ಸೊಸೆ ಇಬ್ಬರೂ ಗೋಡೆಯ ಮುಂದೆ ನಿಂತು ವಾದ ಮಾಡುತ್ತಿದ್ದರು. ನಾನು ಅವರ ನಡುವೆ ತೂರಿಕೊಂಡು ಹೋಗಿ, ಒದ್ದೆಗೆ ಬೆರಳು ಒತ್ತಿ, ಬೆರಳನ್ನು ಬಾಯಿಗಿಟ್ಟುಕೊಂಡೆ. ಸೊಸೆ ಗಾಬರಿಯಿಂದ ಬಾಯಿ ಮುಕ್ಕಳಿಸಲು ನೀರು ತಂದಳು. ಮೊಮ್ಮಗಳು, ಅಜ್ಜಿಗೆ ಅರಳುಮರಳು ಶುರುವಾಯಿತು ಎನ್ನುವಂತೆ ಅಪ್ಪನ ಮುಖ ನೋಡಿದಳು. ಮಗ ಮಾತ್ರ ನಗುತ್ತಿದ್ದ. ಅವನಿಗೆ ಈ ಕತೆ ಅಷ್ಟಿಷ್ಟು ಗೊತ್ತು. ಕತೆಯಲ್ಲಿ ಅವನೂ ಇದ್ದಾನೆ, ಆದರೆ ಆಗ ಅವನಿಗಿದ್ದದ್ದು ನಾಲ್ಕೇ ಹಲ್ಲು.

ಅದು ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನ್ನ ಗಂಡ ಹೊಳೆನರಸೀಪುರದ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದರು. ನಾವಿದ್ದದ್ದು ಪೇಟೆಯ ಹಿಂದಿನ ಬೀದಿಯ ಒಂದು ಬಾಡಿಗೆ ಮನೆ. ಮಣ್ಣಿನ ಗೋಡೆ, ನಾಡಹೆಂಚು, ನಡುಮನೆ, ಅಡಿಗೆಮನೆ, ಒಂದು ಕೋಣೆ. ಮಗ್ಗುಲಿಗೆ ಅದೇ ಮಾಲೀಕರ ಇನ್ನೊಂದು ಮನೆ. ನಮ್ಮ ಕೋಣೆಯ ಗೋಡೆಗೂ ಆ ಮನೆಯ ಬಚ್ಚಲಿಗೂ ನಡುವೆ ಬೆಕ್ಕು ಓಡಾಡುವಷ್ಟು ಸಂದು. ಹಿಂದೆ ಎರಡು ಹಿತ್ತಲು, ಮಧ್ಯೆ ಮುಳ್ಳಿನ ಬೇಲಿ, ಬೇಲಿಯಲ್ಲಿ ಒಬ್ಬರು ಸೆರಗು ಬಿಗಿದುಕೊಂಡು ದಾಟಬಹುದಾದ ಒಂದು ಕಂಡಿ. ನನ್ನ ಆ ವರ್ಷದ ಬದುಕೆಲ್ಲ ಆ ಕಂಡಿಯ ಮೂಲಕವೇ ಓಡಾಡುತ್ತಿತ್ತು ಎಂದರೂ ತಪ್ಪಿಲ್ಲ.

ಪಕ್ಕದ ಮನೆಯಲ್ಲಿದ್ದದ್ದು ಗಂಗಕ್ಕ. ಅವಳ ಗಂಡ ನಂಜಪ್ಪನವರಿಗೆ ಪೇಟೆಯಲ್ಲಿ ದಿನಸಿ ಅಂಗಡಿ. ಹಣೆಯ ತುಂಬ ವಿಭೂತಿ ಇಟ್ಟುಕೊಂಡು ಬೆಳಿಗ್ಗೆ ಹೊರಟರೆ ದೀಪ ಹಚ್ಚಿದ ಮೇಲೆಯೇ ಬರುತ್ತಿದ್ದ ಮನುಷ್ಯ. ಮದುವೆಯಾಗಿ ಬಹಳ ವರ್ಷವಾಗಿದ್ದರೂ ಅವರಿಗೆ ಮಕ್ಕಳಿರಲಿಲ್ಲ. ನಾನು ಅರಕಲಗೂಡಿನ ತವರಿನಲ್ಲಿ ಬಾಣಂತನ ಮುಗಿಸಿ, ದೀಪಾವಳಿಯ ಹೊತ್ತಿಗೆ ಎಳೆಕೂಸನ್ನು ಎತ್ತಿಕೊಂಡು ಬಂದಾಗ, ಒಲೆಯ ಮುಂದೆ ಕೂತರೆ ಮಗು ಅಳುತ್ತಿತ್ತು, ಮಗುವಿನ ಮುಂದೆ ಕೂತರೆ ಸಾರು ಸೀಯುತ್ತಿತ್ತು. ಎರಡನ್ನೂ ಕೇಳಿಸಿಕೊಂಡ ಗಂಗಕ್ಕ ಒಂದು ದಿನ ಕಂಡಿ ದಾಟಿ ಬಂದು, ಕೂಸನ್ನು ಎತ್ತಿಕೊಂಡು ಹೋದಳು. ಅಂದಿನಿಂದ ಅದೇ ಪದ್ಧತಿಯಾಯಿತು. ಹೊತ್ತು ಇಳಿಯುವಾಗ ನನ್ನ ಮಗ ಮಂಜು ಅವಳ ಮನೆಗೆ, ದೀಪ ಹಚ್ಚುವ ಹೊತ್ತಿಗೆ ನಾನು ಹೋಗಿ ಕರೆತರುವುದು. ಒಂದು ದಿನವೂ ಅವನು ಅತ್ತುಕೊಂಡು ಬಂದವನಲ್ಲ. ಅವನಿಗೆ ಕಣ್ಣಿಗೆ ಹಚ್ಚುವ ಕಪ್ಪಿನಿಂದ ಹಿಡಿದು ಕಾಲಿಗೆ ತೀಡುವ ಎಣ್ಣೆಯವರೆಗೆ ಎಲ್ಲವೂ ಅಲ್ಲಿಯೇ ಆಗುತ್ತಿತ್ತು. ನನಗೆ ಅಕ್ಕ ಇರಲಿಲ್ಲ. ಇದ್ದಿದ್ದರೂ ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲವೇನೋ.

ಆಷಾಢ ಹುಟ್ಟಿತು. ಹೊಳೆಯಲ್ಲಿ ಕೆಂಪು ನೀರು ಬಂತೆಂದು ಊರವರೆಲ್ಲ ನೋಡಲು ಹೋಗಿಬರುವ ದಿನಗಳು. ಜಿಟಿಜಿಟಿ ಮಳೆ, ಇಲ್ಲವಾದರೆ ಮಳೆಯೂ ಇಲ್ಲದ ಬಿಸಿಲೂ ಇಲ್ಲದ ಬರೀ ಮೋಡ. ಒಂದು ಬೆಳಿಗ್ಗೆ ಕೋಣೆ ಗುಡಿಸುವಾಗ ಗೋಡೆಯ ಬುಡ ಕಪ್ಪಗೆ ಕಂಡಿತು. ಮುಟ್ಟಿದರೆ ಒದ್ದೆ. ಒಂದೆರಡು ವಾರದಲ್ಲಿ ಅದು ಮೊಣಕಾಲೆತ್ತರಕ್ಕೆ ಏರಿ, ತೊಟ್ಟಿಲ ಹಿಂದಿನ ಗೋಡೆಯನ್ನೆಲ್ಲ ಹಿಡಿಯಿತು. ಮಂಜುವಿಗೆ ನೆಗಡಿ ಶುರುವಾದದ್ದು ಕೆಮ್ಮಾಯಿತು, ಕೆಮ್ಮು ಎದೆಗೆ ಇಳಿಯಿತು. ಆಸ್ಪತ್ರೆಯ ಡಾಕ್ಟರು ಔಷಧಿಯ ಜೊತೆಗೆ, ಕೂಸನ್ನು ಥಂಡಿ ಗೋಡೆಯ ಹತ್ತಿರ ಮಲಗಿಸಬೇಡಿ ಎಂದು ಹೇಳಿ ಕಳಿಸಿದರು. ಹೇಳುವುದು ಸುಲಭ. ನಡುಮನೆಯಲ್ಲಿ ಗಾಳಿ, ಅಡಿಗೆಮನೆಯಲ್ಲಿ ಹೊಗೆ. ಬೆಚ್ಚಗಿದ್ದದ್ದು ಆ ಕೋಣೆಯೊಂದೇ.

ನನ್ನ ಗಂಡ ಗೋಡೆಯನ್ನು ಶಾಲೆಯ ಪಾಠದಂತೆಯೇ ಕೈಗೆತ್ತಿಕೊಂಡರು. ಮೊದಲು ಹೆಂಚಿನವನನ್ನು ಕರೆಸಿ ಸೂರು ಕೈಯಾಡಿಸಿದರು. ಒಡೆದ ಹೆಂಚು ಆ ಕಡೆ ಒಂದೂ ಇರಲಿಲ್ಲ. ಆಮೇಲೆ ಇದ್ದಿಲು ಹಿಡಿದು ಒದ್ದೆಯ ಅಂಚಿನ ಸುತ್ತ ದಿನವೂ ಒಂದು ಗೆರೆ ಎಳೆಯತೊಡಗಿದರು. ಒಂದರ ಮೇಲೊಂದು ಗೆರೆ ಬಿದ್ದು, ನಮ್ಮ ಕೋಣೆಯ ಗೋಡೆ ಅವರ ಭೂಗೋಳದ ನಕ್ಷೆಯ ಹಾಗಾಯಿತು. ಗೆರೆಗಳಿಂದ ತಿಳಿದದ್ದು ಇಷ್ಟೇ. ಜೋರು ಮಳೆ ಸುರಿದ ದಿನಕ್ಕೂ ಒದ್ದೆಗೂ ಸಂಬಂಧವಿರಲಿಲ್ಲ. ಒಂದು ಹನಿ ಬೀಳದೆ ಮೋಡ ಮಾತ್ರ ಕವಿದ ದಿನವೂ ಗೋಡೆ ಬೆವರುತ್ತಿತ್ತು. ಅಪರೂಪಕ್ಕೆ ಬಿಸಿಲು ಕಂಡರೆ ಒಣಗಿ, ಮೇಲೆ ಬಿಳಿ ಹುಡಿ ಏಳುತ್ತಿತ್ತು. ಅದನ್ನು ಸುಣ್ಣ ಉದುರುತ್ತಿದೆ ಎಂದುಕೊಂಡು ನಾನು ದಿನವೂ ಗುಡಿಸಿ ಹಾಕುತ್ತಿದ್ದೆ. ಮಾಲೀಕರು ಚನ್ನರಾಯಪಟ್ಟಣದಿಂದ ಒಮ್ಮೆ ಬಂದು ನೋಡಿ, ಮಣ್ಣಿನ ಗೋಡೆ ಅಂದಮೇಲೆ ಇಷ್ಟು ಇದ್ದದ್ದೇ ಎಂದು ಕಾಫಿ ಕುಡಿದು ಬಸ್ಸು ಹತ್ತಿದರು.

ಇಷ್ಟರಲ್ಲಿ ಹಿರೀಸಾವೆಯಿಂದ ನಮ್ಮ ಅತ್ತೆ ಬಂದರು. ಮೊಮ್ಮಗನಿಗೆ ಕೆಮ್ಮು ಎಂದು ಕೇಳಿದವರು ಸುಮ್ಮನೆ ಬರಲಿಲ್ಲ. ಪೇಟೆಯ ನೀರು ಹಾಲು ಕುಡಿಸಿ ಕೂಸನ್ನು ಸೊರಗಿಸುತ್ತಿದ್ದೇವೆಂದು ಬೈದು, ಆಳಿನ ಕೈಲಿ ಕರುವಿನ ಸಮೇತ ಒಂದು ಹಸುವನ್ನು ನಡೆಸಿಕೊಂಡು ಬರಹೇಳಿ, ತಾವು ಬಸ್ಸಿನಲ್ಲಿ ಬಂದಿದ್ದರು. ಹಸು ಹಿತ್ತಲಲ್ಲಿ ನಿಂತಿತು. ಕರುವಿಗೆ ಮಳೆಯ ಥಂಡಿ ಆಗದೆಂದು ಅದನ್ನು ಹಿಂಬಾಗಿಲ ಒಳಗೇ ಗೂಟಕ್ಕೆ ಕಟ್ಟಿದರು. ಅತ್ತೆ ಗಟ್ಟಿ ಹೆಂಗಸು. ಹೊಲ, ದನ, ಆಳುಕಾಳು ಎಲ್ಲವನ್ನೂ ನಿಭಾಯಿಸಿದವರು. ನನ್ನನ್ನು ಕಂಡರೆ ಅವರಿಗೆ ಕೋಪವೇನಿರಲಿಲ್ಲ, ಆದರೆ ನನ್ನ ಕೈಯಲ್ಲಿ ಏನಾದರೂ ಸರಿಯಾಗಿ ಆದೀತು ಎಂಬ ನಂಬಿಕೆಯೂ ಇರಲಿಲ್ಲ. ಕೋಣೆಗೆ ಬಂದು ಗೋಡೆ ಮುಟ್ಟಿ ನೋಡಿದರು, ಸಂದಿನಲ್ಲಿ ಬಗ್ಗಿ ಆಚೆಯ ಬಚ್ಚಲನ್ನು ನೋಡಿದರು, ತೀರ್ಪು ಕೊಟ್ಟೇಬಿಟ್ಟರು. ಬಚ್ಚಲ ನೀರು ಮೋರಿಗೆ ಹೋಗದೆ ನೆಲದಲ್ಲಿ ಹಿಂಗಿ ನಮ್ಮ ಗೋಡೆಗೆ ಬರುತ್ತಿದೆ.

ಒಪ್ಪದೆ ಇರಲು ನನ್ನ ಹತ್ತಿರ ಕಾರಣವಿರಲಿಲ್ಲ. ಮಳೆಗೆ ಸಂಬಂಧವಿಲ್ಲದೆ ದಿನವೂ ಬೀಳುವ ನೀರು ಇನ್ನೆಲ್ಲಿಯದು? ಆದರೂ ಗಂಗಕ್ಕನ ಬಚ್ಚಲಿನ ಕಲ್ಲುಚಪ್ಪಡಿ ಎಷ್ಟು ಚೊಕ್ಕಟ ಎಂದು ನನಗೆ ಗೊತ್ತಿತ್ತು, ಅದನ್ನೇ ಹೇಳಿದೆ. ಅತ್ತೆ ಕೇಳಿಸಿಕೊಳ್ಳಲಿಲ್ಲ. ನನ್ನ ಗಂಡ ಮಾತ್ರ ಪರೀಕ್ಷೆ ಮಾಡದೆ ಯಾರನ್ನೂ ಫೇಲು ಮಾಡಬಾರದು ಎಂದು, ಪಂಚೆಗೆ ಹಾಕುವ ನೀಲಿಯ ಪೊಟ್ಟಣ ಹಿಡಿದುಕೊಂಡು ನಂಜಪ್ಪನವರ ಅಂಗಡಿಗೆ ಹೋದರು. ನಿಮ್ಮ ಬಚ್ಚಲಿಗೆ ನೀಲಿ ಸುರಿಯುತ್ತೇವೆ, ನಮ್ಮ ಗೋಡೆಯಲ್ಲಿ ನೀಲಿ ಬಂದರೆ ನೀರು ನಿಮ್ಮದು, ಬಾರದಿದ್ದರೆ ಅಲ್ಲ ಎಂದರು. ನಂಜಪ್ಪನವರು ಒಳ್ಳೆಯವರು, ನಕ್ಕು ಒಪ್ಪಿದರು. ಗಂಗಕ್ಕ ನಗಲಿಲ್ಲ. ತನ್ನ ಬಚ್ಚಲಲ್ಲಿ ಮೇಷ್ಟ್ರು ನೀಲಿ ಕದಡುವುದನ್ನು ಬಾಗಿಲಲ್ಲಿ ನಿಂತು ನೋಡಿ, ಅವರು ಹೋದಮೇಲೆ ಚಪ್ಪಡಿಯನ್ನು ತೆಂಗಿನ ನಾರು ಹಾಕಿ ತಿಕ್ಕಿದಳು. ತಿಕ್ಕುವ ಸದ್ದು ನಮ್ಮ ಕೋಣೆಗೆ ಕೇಳುತ್ತಿತ್ತು.

ನಮ್ಮ ಗೋಡೆಗೆ ನೀಲಿ ಬರಲಿಲ್ಲ. ಅತ್ತೆಗೆ ಅದರಿಂದ ಏನೂ ಆಗಲಿಲ್ಲ. ನೀಲಿ ಸಾಲದೆ ಹೋಗಿರಬೇಕು ಅಂದರು. ಮಾರನೆಯ ದಿನ ಆಳಿಗೆ ಹೇಳಿ ಬೇಲಿಯ ಕಂಡಿಗೆ ಸೀಗೆಮುಳ್ಳು ತುಂಬಿಸಿದರು. ಕೂಸಿನ ಕೆಮ್ಮು ನಿಲ್ಲುವವರೆಗೆ ಆ ಕಡೆ ಕಳಿಸುವುದು ಬೇಡ ಎಂದು ನನಗೆ ಹೇಳಿದರು. ಅದಕ್ಕಿಂತ ದೊಡ್ಡ ಮಾತು ಊಟಕ್ಕೆ ಕೂತಾಗ ಬಂತು.

“ಮಗೀನ ನಾನು ಹಿರೀಸಾವೆಗೆ ಕರ್ಕಂಡೋಯ್ತೀನಿ. ದೀಪಾವಳಿ ಕಳೀಲಿ. ನೀನು ಬತ್ತೀಯೋ, ಗಂಡನ್ಗೆ ಬೇಯಿಸ್ಕಂಡು ಇಲ್ಲೇ ಇರ್ತೀಯೋ, ನಿಂಗೆ ಬುಟ್ಟಿದ್ದು.”

ತಾಯಿಯ ಮುಂದೆ ನನ್ನ ಗಂಡನ ಇದ್ದಿಲು ನಡೆಯುತ್ತಿರಲಿಲ್ಲ. ಹೋದರೆ ಇವರ ಊಟಕ್ಕೆ ಗತಿಯಿಲ್ಲ, ಹೋಗದಿದ್ದರೆ ಮಗುವಿಲ್ಲ. ಹೊತ್ತು ಇಳಿಯುವಾಗ ಮಂಜು ಹಿಂಬಾಗಿಲಿಗೆ ಅಂಬೆಗಾಲಿಟ್ಟು ಹೋಗಿ, ಮುಳ್ಳು ತುಂಬಿದ ಕಂಡಿಯ ಕಡೆ ಕೈ ಮಾಡಿ ಕೂಗುತ್ತಿದ್ದ. ಆಚೆಯಿಂದ ಸದ್ದೇ ಇರುತ್ತಿರಲಿಲ್ಲ. ಮೊದಲೆಲ್ಲ ಹಿತ್ತಲಲ್ಲಿ ಏನಾದರೊಂದು ಮಾಡುತ್ತಾ ಇರುತ್ತಿದ್ದ ಗಂಗಕ್ಕ, ಆ ಹೊತ್ತಿಗೆ ಸರಿಯಾಗಿ ಒಳಗೆ ಸೇರಿಕೊಂಡು ಬಾಗಿಲು ಹಾಕುತ್ತಿದ್ದಳು. ಅಪ್ಪಿತಪ್ಪಿ ಬಾವಿಯ ಹತ್ತಿರ ಸಿಕ್ಕರೂ, ಕೂಸು ಹೇಗಿದೆ ಎಂದಷ್ಟೇ ಕೇಳಿ, ಉತ್ತರಕ್ಕೂ ಕಾಯದೆ ಕೊಡ ಎತ್ತಿಕೊಳ್ಳುತ್ತಿದ್ದಳು.

ಹೊರಡುವ ದಿನ ಗೊತ್ತಾಯಿತು. ನಾನು ಮಂಜುವಿನ ಬಟ್ಟೆಗಳನ್ನು ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸುತ್ತಿದ್ದೆ. ಅತ್ತೆ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ನಡುಮನೆಯಲ್ಲಿದ್ದರು. ಕೋಣೆಯಿಂದ ಚಪ್ಪರಿಸುವ ಸದ್ದು ಬಂತು. ಹೋಗಿ ನೋಡಿದರೆ ಕರು ಹಗ್ಗ ಬಿಡಿಸಿಕೊಂಡು ಒಳಗೆ ಬಂದಿದೆ. ತೊಟ್ಟಿಲನ್ನು ಪಕ್ಕಕ್ಕೆ ದೂಡಿ, ಕಣ್ಣು ಅರೆಮುಚ್ಚಿ, ಇಷ್ಟುದ್ದ ನಾಲಗೆ ಹಾಕಿ ಗೋಡೆ ನೆಕ್ಕುತ್ತಿದೆ. ನಮ್ಮ ಮೇಷ್ಟ್ರು ಎಳೆದ ಗೆರೆಗಳಲ್ಲಿ ಅರ್ಧ ಅದರ ಹೊಟ್ಟೆ ಸೇರಿದ್ದವು. ನಾನು ಹೊಡೆದು ಅಟ್ಟಲು ಕೈಯೆತ್ತಿದೆ. ಹಿಂದೆಯೇ ಬಂದ ಅತ್ತೆ ನನ್ನ ಕೈ ಹಿಡಿದರು.

“ತಡಿ. ಕರ ಬರೀ ಮಣ್ಣ ಅಂಗೆ ನೆಕ್ಕಕ್ಕಿಲ್ಲ.”

ಬಗ್ಗಿ, ಗೋಡೆಯ ಮೇಲೆ ಬೆರಳಾಡಿಸಿ ನಾಲಗೆಗೆ ಮುಟ್ಟಿಸಿಕೊಂಡರು. ನನಗೂ ಮುಟ್ಟಿ ನೋಡು ಎಂದು ಕಣ್ಣಲ್ಲೇ ಹೇಳಿದರು. ಉಪ್ಪು. ಉಪ್ಪಿನಕಾಯಿಯ ಜಾಡಿಯ ಅಂಚಿನಷ್ಟು ಉಪ್ಪು. ಆಗ ನನಗೆ ಅಡಿಗೆಮನೆಯ ಉಪ್ಪಿನ ಮಡಕೆ ನೆನಪಾಯಿತು. ಮೋಡ ಕವಿದ ದಿನವೆಲ್ಲ ಅದೂ ಬೆವರಿ, ತಳದಲ್ಲಿ ನೀರು ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಉಪ್ಪು ನೀರಾಗುವುದು ಯಾವ ಹೆಂಗಸಿಗೆ ಗೊತ್ತಿಲ್ಲ? ಗೋಡೆಗೆ ಎಲ್ಲಿಂದಲೂ ನೀರು ಬರುತ್ತಿರಲಿಲ್ಲ. ಗೋಡೆಯೊಳಗೆ ಉಪ್ಪು ಕೂತು, ಗಾಳಿಯ ಥಂಡಿಯನ್ನು ತಾನೇ ಎಳೆದುಕೊಳ್ಳುತ್ತಿತ್ತು. ಬಿಸಿಲಿಗೆ ಏಳುತ್ತಿದ್ದ ಬಿಳಿ ಹುಡಿ ಸುಣ್ಣವೇ ಅಲ್ಲ.

ಕಾರಣ ಸಿಕ್ಕಿತೆಂದು ನನಗೆ ಒಂದು ಗಳಿಗೆ ಹಗುರವಾಯಿತು. ಅತ್ತೆಯ ಮುಖ ನೋಡಿದ ಮೇಲೆ ಆ ಹಗುರ ಉಳಿಯಲಿಲ್ಲ. ಅವರು ಕೂಸನ್ನು ಎದೆಗೆ ಅವುಚಿಕೊಂಡು ಸಂದಿನ ಬಾಯಿಗೆ ಹೋಗಿ ಬಗ್ಗಿ ನೋಡಿದರು. ನಮ್ಮ ಗೋಡೆಯ ಬುಡದಲ್ಲಿ, ಸರಿಯಾಗಿ ತೊಟ್ಟಿಲ ನೇರಕ್ಕೆ, ಮಣ್ಣು ಕೊರೆದು ಸಣ್ಣ ಗುಣಿ ಬಿದ್ದಿತ್ತು. ಯಾರೋ ಒಂದೇ ಜಾಗಕ್ಕೆ ಬಹಳ ದಿನ ನೀರು ಹೊಯ್ದ ಗುರುತು. ಆ ಸಂದಿಗೆ ಬಾಗಿಲಿದ್ದದ್ದು ಗಂಗಕ್ಕನ ಬಚ್ಚಲಿನಿಂದ ಮಾತ್ರ. ಮಕ್ಕಳಿಲ್ಲದ ಹೆಂಗಸು, ಉಪ್ಪು, ತೊಟ್ಟಿಲು. ಅತ್ತೆ ಮಾಟ ಎಂಬ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಮಾತು ಬೀದಿಗೆ ಬಿದ್ದರೆ ಗಂಗಕ್ಕ ಆ ಊರಿನಲ್ಲಿ ಇನ್ನು ಯಾರ ಮನೆಯ ಹೊಸ್ತಿಲೂ ತುಳಿಯುವ ಹಾಗಿರಲಿಲ್ಲ. ಅವಳು ಅಂಥವಳಲ್ಲ ಅತ್ತೆ ಎಂದೆ. ಅಂಥವಳಲ್ಲದಿದ್ದರೆ ಅವಳೇ ಹೇಳಲಿ ಎಂದು ಅವರು ಹೊರಟರು. ನಾನೂ ಹಿಂದೆಯೇ ಹೋದೆ. ಬೀದಿಯ ಬಾಗಿಲಿಂದ ಅವಳ ಮನೆಗೆ ಹೋದದ್ದು ನಾನು ಅದೇ ಮೊದಲು.

ಗಂಗಕ್ಕ ನಡುಮನೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. ನಮ್ಮನ್ನು ಕಂಡು ಎದ್ದು, ಕೈ ಒರೆಸಿಕೊಂಡು ಚಾಪೆ ಹಾಸಿದಳು. ಮಂಜು ಅವಳನ್ನು ನೋಡಿದ್ದೇ ಅತ್ತೆಯ ತೋಳಿನಿಂದ ಅತ್ತ ಜಿಗಿಯತೊಡಗಿದ. ಅತ್ತೆ ಬಿಡಲಿಲ್ಲ, ಚಾಪೆಯ ಮೇಲೆ ಕೂರಲೂ ಇಲ್ಲ.

“ಗಂಗವ್ವ, ನಮ್ ಗ್ವಾಡೆ ಬುಡಕ್ಕೆ ಉಪ್ಪು ಯಾಕ್ ಉಯ್ದೆ? ತೊಟ್ಲು ಅಲ್ಲೇ ಐತೆ ಅಂತ ಗೊತ್ತಿಲ್ವಾ?”

ಅವಳು ಅಲ್ಲ ಎನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಅನ್ನಲಿಲ್ಲ. ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕೆ ಸರಿಸಿ, ನನ್ನ ಕಡೆ ತಿರುಗಿದಳು.

“ದೃಷ್ಟಿ ತೆಗೀತಿದ್ದೆ ಜಯಾ. ನೀನು ಇವನ್ನ ಕರ್ಕಂಡೋಗೋಕ್ ಬರೋಕ್ ಮುಂಚೆ, ದಿನಾ. ಉಪ್ಪನ್ನ ಒಲೆಗಾಕುದ್ರೆ ಚಟಪಟ ಅಂತದೆ, ನಿಮ್ ಮನೆಗೆ ಕೇಳ್ತದೆ ಅಂತ ನೀರಲ್ಲಿ ಕದಡ್ತಿದ್ದೆ. ಅದನ್ನ ಯಾರೂ ತುಳೀಬಾರ್ದು ನೋಡು, ಯಾರೂ ಓಡಾಡದ ಜಾಗ ಅಂದ್ರೆ ಆ ಸಂದೊಂದೇ.”

ನನಗೆ ಅರ್ಥವಾಗಲಿಲ್ಲ. ಹಗಲೆಲ್ಲ ಈ ಮನೆಯಲ್ಲಿ ನೀನೊಬ್ಬಳೇ ಇರುವುದು, ಯಾರ ದೃಷ್ಟಿ ಬೀಳುತ್ತಿತ್ತು ಎಂದು ಕೇಳಿದೆ.

“ನಂದೇ,” ಅಂದಳು. “ಮಕ್ಕಳಿಲ್ಲದೋಳ ಕಣ್ಣು ಕೆಟ್ಟದ್ದು ಅಂತಾರಲ್ಲ. ನಮ್ ವಾರಗಿತ್ತಿ ಕೂಸಿನ ನಾಮಕರಣದಾಗೆ ನನ್ನ ತೊಟ್ಲು ತಾವ್ಕೆ ಬುಡ್ಲಿಲ್ಲ. ಇವನ್ನ ಎತ್ಕಂಡ್ರೆ ಬ್ಯಾಡ ಅಂದ್ರೂ ಆಸೆ ಆಯ್ತಿತ್ತು. ನನ್ ಕಣ್ಣು ತಾಕ್ಬಾರ್ದು ಅಂತ ನಾನೇ ತೆಗೆದ್ಬುಟ್ಟು ನಿನ್ ಕೈಗೆ ಕೊಡ್ತಿದ್ದೆ.”

ಅತ್ತೆ ಆಗ ಕರುವಿನ ವಿಷಯ, ಉಪ್ಪಿನ ವಿಷಯ, ಗೋಡೆ ಯಾಕೆ ಬೆವರುತ್ತಿದೆ ಎಂಬುದನ್ನು ಹೇಳಿದರು. ಬೈದು ಹೇಳಲಿಲ್ಲ, ಸುಮ್ಮನೆ ಹೇಳಿದರು. ಬಚ್ಚಲಿಗೆ ನೀಲಿ ಸುರಿದಾಗಲೂ, ಕಂಡಿಗೆ ಮುಳ್ಳು ತುಂಬಿದಾಗಲೂ ನೆಟ್ಟಗೆ ನಿಂತಿದ್ದ ಗಂಗಕ್ಕ ಕಂಬ ಹಿಡಿದುಕೊಂಡು ಕೂತುಬಿಟ್ಟಳು.

“ಅಂಗಾರೆ ಮಗೀಗೆ ಕೆಮ್ಮು ಬಂದದ್ದು ನನ್ನಿಂದ್ಲೇ. ಇಷ್ಟು ಮಾಡೂ ತಾಕೇ ಬುಡ್ತಲ್ಲ ಜಯಾ.”

ಎಂಟೊಂಬತ್ತು ತಿಂಗಳು ಒಬ್ಬಳು ತನ್ನ ಪ್ರೀತಿಗೆ ತಾನೇ ಹೆದರಿ, ದಿನವೂ ಅದನ್ನು ಉಪ್ಪುನೀರಿನಲ್ಲಿ ತೊಳೆದು ನನ್ನ ಮಗನನ್ನು ನನ್ನ ಕೈಗೆ ಕೊಟ್ಟಿದ್ದಳು. ನಾನು ಕಾಡಿಗೆ ಕಂಡಿದ್ದೆ, ಎಣ್ಣೆ ಕಂಡಿದ್ದೆ, ಇದನ್ನು ಕಂಡಿರಲಿಲ್ಲ. ನನಗೆ ಅಳು ಬಂತು. ಅಳುವವರನ್ನು ಕಂಡರೆ ಆಗದ ಅತ್ತೆ ನನ್ನನ್ನು ಗದರಲೂ ಇಲ್ಲ. ನನ್ನ ಗಂಡ ಅವರಿಗೆ ಮದುವೆಯಾಗಿ ಬಹಳ ವರ್ಷಕ್ಕೆ ಹುಟ್ಟಿದವರು. ಆ ವರ್ಷಗಳಲ್ಲಿ ಅವರನ್ನು ಯಾರು ಯಾವ ತೊಟ್ಟಿಲ ಹತ್ತಿರದಿಂದ ಎಬ್ಬಿಸಿ ಕಳಿಸಿದ್ದರೋ, ಅವರು ಯಾವತ್ತೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅತ್ತೆ ನೆಲಕ್ಕೆ ಕೂತು, ಜಿಗಿದಾಡುತ್ತಿದ್ದ ಮಂಜುವನ್ನು ಗಂಗಕ್ಕನ ಮಡಿಲಿಗೆ ಇಳಿಸಿದರು. ಅವಳು ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು. ಅತ್ತೆ ಅವಳ ಗಲ್ಲ ಹಿಡಿದು ಕೂಸಿನ ಕಡೆಗೆ ತಿರುಗಿಸಿದರು.

“ಯಾರ ಕಣ್ಣೂ ತಾಕ್ದಂಗೆ ಮಗ ಬೆಳ್ದಾತಾ ಗಂಗವ್ವ? ಗ್ವಾಡೆ ಥಂಡಿಗೆ ಕೆಮ್ಮು ಬಂದದೆ, ನಿನ್ ಕಣ್ಗಲ್ಲ. ನೋಡು. ಕಣ್ ತುಂಬ ನೋಡು.”

ಸಂಜೆ ಶಾಲೆ ಬಿಟ್ಟು ಬಂದ ನನ್ನ ಗಂಡ ಕಂಡದ್ದು, ಅವರ ತಾಯಿ ಹಿತ್ತಲಲ್ಲಿ ಕುಡುಗೋಲು ಹಿಡಿದು ಕಂಡಿಯ ಮುಳ್ಳು ಎಳೆದು ಹಾಕುತ್ತಿದ್ದುದು. ಆಳು ಬರಲಿ ಎಂದು ಕಾಯಲೂ ಇಲ್ಲ ಅವರು. ಕೈಯೆಲ್ಲ ಗೀರಿತ್ತು. ವಿಷಯ ಕೇಳಿದ ಮೇಷ್ಟ್ರು ತಮ್ಮ ಇದ್ದಿಲಿನ ನಕ್ಷೆಯ ಮುಂದೆ ಬಗ್ಗಿ, ಅವರೂ ಬೆರಳಿಟ್ಟು ರುಚಿ ನೋಡಿದರು. ಬೆಳಗಾದ ಮೇಲೆ ಗೋಡೆಯ ಮಣ್ಣನ್ನು ಮೊಣಕಾಲೆತ್ತರ ಕೆರೆಸಿ, ಹೊಸ ಮಣ್ಣು ಮೆತ್ತಿಸಿದೆವು. ಆದರೂ ಉಪ್ಪು ಪೂರ್ತಿ ಬಿಡಲಿಲ್ಲ. ನಾವು ಆ ಮನೆಯಲ್ಲಿದ್ದಷ್ಟು ವರ್ಷವೂ ಆಷಾಢ ಬಂದರೆ ಅಂಗೈಯಗಲ ಕಪ್ಪು ಕಾಣಿಸಿಕೊಳ್ಳುತ್ತಿತ್ತು. ಯಾರೂ ಅದಕ್ಕೆ ಗೆರೆ ಎಳೆಯಲಿಲ್ಲ. ಮಂಜು ಹಿರೀಸಾವೆಗೆ ಹೋಗಲಿಲ್ಲ. ತೊಟ್ಟಿಲನ್ನು ಗಂಗಕ್ಕನ ನಡುಮನೆಯ ತೊಲೆಗೆ ಕಟ್ಟಿದೆವು, ಶ್ರಾವಣದ ಬಿಸಿಲಿಗೆ ಕೆಮ್ಮು ಹೋಯಿತು. ಅತ್ತೆ ಹಸುವನ್ನು ಬಿಟ್ಟು, ಗೋಡೆ ನೆಕ್ಕಿ ರುಚಿ ಹತ್ತಿದ ಕರುವನ್ನೂ ಬಿಟ್ಟು ಊರಿಗೆ ಹೋದರು. ಗಂಗಕ್ಕ ಆಮೇಲೆ ದೃಷ್ಟಿ ತೆಗೆಯುವುದನ್ನು ಬಿಟ್ಟಳೋ ಇಲ್ಲವೋ ನಾನು ಕೇಳಲಿಲ್ಲ. ಆದರೆ ಅವರ ಹಿತ್ತಲಿನಲ್ಲಿ ಮುರುಟಿಕೊಂಡು ನಿಂತಿದ್ದ ತೆಂಗಿನ ಸಸಿ ಮುಂದಿನ ವರ್ಷ ಚೆನ್ನಾಗಿ ಮೇಲೆದ್ದಿತು. ತೆಂಗಿನ ಬುಡಕ್ಕೆ ಉಪ್ಪು ಒಳ್ಳೆಯದು ಎಂದು ಅವಳು ನನಗೇ ಹೇಳಿಕೊಟ್ಟಳು.

ಗಂಗಕ್ಕ ಹೋಗಿ ಬಹಳ ವರ್ಷವಾಯಿತು. ಅತ್ತೆಯೂ ಇಲ್ಲ, ಮೇಷ್ಟ್ರೂ ಇಲ್ಲ. ಆ ಮನೆಗಳನ್ನು ಕೆಡವಿ ಅಂಗಡಿಸಾಲು ಕಟ್ಟಿದ್ದಾರಂತೆ. ಮೊನ್ನೆ ಮಗನ ಮನೆಯ ಗೋಡೆಯ ಮುಂದೆ ಬೆರಳು ಬಾಯಲ್ಲಿಟ್ಟುಕೊಂಡು ನಿಂತಿದ್ದಾಗ, ನನ್ನ ನಾಲಗೆ ಏನನ್ನು ಹುಡುಕುತ್ತಿತ್ತೆಂದು ಸೊಸೆಗೆ ಹೇಗೆ ಹೇಳಲಿ? ಅಲ್ಲಿ ಅದಿರಲಿಲ್ಲ.

“ಏನಮ್ಮಾ, ಏನು ರುಚಿ?” ಎಂದು ಮಗ ಕೇಳಿದ. ತಲೆ ನರೆತ, ಕನ್ನಡಕ ಹಾಕಿಕೊಂಡ, ಒಬ್ಬಳ ಕಣ್ಣು ತುಂಬಿ ಬೆಳೆದ ನನ್ನ ಮಗ.

“ಸಪ್ಪೆ ಕಣೋ,” ಅಂದೆ. “ಇದು ಬರೀ ನೀರು. ಪೈಪಿನವನಿಗೆ ಫೋನ್ ಮಾಡು.”